ರೂಪಾಲಿ ಅಕ್ಕನ ತೊಡೆಯ ವಿಚಾರವಾಗಿ ಒಂದು ವರದಿ

ಬಸವಕಲ್ಯಾಣ, ಸೋಮವಾರ

ಹುಮನಾಬಾದಿನ ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಮಹಾರಾಣಿ, ನಮ್ಮ ಮನೆತನದ ಕೀರ್ತಿಪತಾಕೆ, ಭಾವಿ ವಧು ರೂಪಾಲಿ ಅಕ್ಕನವರ ಪಾದಕಮಲಗಳಿಗೆ (ಪಾದದಿಂದ ಮೇಲೆ ನೋಡುವ ಅಪ್ಪಣೆ ಸದ್ಯ ನನಗಿಲ್ಲ) ತಂಗಿ ಸೋನಾಲಿಯ ಸಾಷ್ಟಾಂಗ ನಮಸ್ಕಾರಗಳು.

ತಾವು ನನ್ನ ನಂಬರ್ ಬ್ಲಾಕ್ ಮಾಡಿರುವುದರಿಂದ ಈ ಪತ್ರ ಶೇಂಗಾ ಹೋಳಿಗೆಯ ಡಬ್ಬಿಯಲ್ಲಿ ಬರುತ್ತಿದೆ. ಅವತ್ತು ತಮ್ಮ ತೊಡೆ ನೋಡಿ, "ಇದೇನಕ್ಕಾ, ರೊಟ್ಟಿ ತಟ್ಟಿದ್ಹಾಂಗ ಬೆರಳಿನ ಗುಳಿ ಬಿದ್ದಾವ" ಎಂದವಳು ನಾನೇ. ಅದಕ್ಕಾಗಿ ತಾವು ಅರಿಶಿನಕ್ಕೇ ಕೂರುವುದಿಲ್ಲ, ಮೊದಲು ಚಿಕಿತ್ಸೆ ಆಗಲಿ ಎಂದು ಹಟ ಹಿಡಿದಿದ್ದೀರಂತೆ.

ಚರ್ಮದ ಡಾಕ್ಟರಮ್ಮನಿಂದ ತಿಳಿದ ವರದಿ ಹೀಗಿದೆ. ಲೇಸರ್ ಆದರೆ ಹಲವು ಸಲ ಹೋಗಬೇಕು, ಗುಳಿ ಕೊಂಚ ಮಾಸಿದರೂ ಮರಳಬಹುದು. ಶಸ್ತ್ರಚಿಕಿತ್ಸೆಯಲ್ಲಿ ಚರ್ಮದಡಿಯ ಎಳೆಗಳನ್ನು ಸೂಜಿಯಿಂದ ಕತ್ತರಿಸುತ್ತಾರೆ. ಅದು ಹೆಚ್ಚು ಕಾಲ ಬಾಳುತ್ತದೆ, ಆದರೆ ಕೆಲವು ವಾರ ಬಾವು, ನೀಲಿ ಕಲೆ. ಮದುವೆಗೆ ಉಳಿದಿರುವುದು ಇಪ್ಪತ್ತೇ ದಿನ. ಡಾಕ್ಟರಮ್ಮ ಅಂದದ್ದು: "ಇದು ಬ್ಯಾನಿ ಅಲ್ಲವ್ವಾ, ಬಹಳ ಹೆಣ್ಮಕ್ಕಳಿಗೆ ಇರ್ತದ. ಬೇಕಂದ್ರ ಮಾಡೂಣು, ಅವಸರ ಮಾಡಬ್ಯಾಡ."

ಅಕ್ಕಾ, ನಮ್ಮ ಅಜ್ಜಿ ಶೇವಂತಾಬಾಯಿ ಆಯಿ ಆಗಲೇ ಅರಿಶಿನ ಕೊಂಬು ಕುಟ್ಟಿಸಿಟ್ಟು, "ನಮ್ಮ ರೂಪಾಲಿ ಕಾಲಿಗೆ ನಾನ ಹಚ್ಚಾಕಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಾಳೆ. ಸೀರೆ ಮೊಣಕಾಲಿನ ಮೇಲೆ ಎತ್ತಬೇಡ. ಬಂದು ಕೂರು, ಅಷ್ಟು ಸಾಕು. ಬರುವಾಗ ಡಬ್ಬಿ ತಾ, ಅದು ಅವ್ವನದು.

ನಿನ್ನ ಅಪರಾಧಿ,
ಸೋನಾಲಿ

ತಾಜಾ ಕಲಂ: ಡಾಕ್ಟರಮ್ಮನ ಹತ್ತಿರ ನಿನ್ನ ಹೆಸರು ಎತ್ತಿಲ್ಲ. ಈ ವರದಿ ಆಗಿನದು: ಹೋದ ವರ್ಷ ಯಾರಿಗೂ ಹೇಳದೆ ನಾನು ತೋರಿಸಲು ಹೋಗಿದ್ದು ನನ್ನ ತೊಡೆಗಳನ್ನೇ.