ಆರ್ನಬಿಯ ಕಾಣೆಯಾದ ರಿಜಿಸ್ಟರು

೧೯೮೩ ಜನವರಿ ೨೯, ಶನಿವಾರ

ಕಾರ್ಡುಗಳ ಆರನೆಯ ಡಬ್ಬಿ ಮುಗಿಯಿತು. ಇನ್ನೂ ಹನ್ನೊಂದು ಇವೆ. ಒಂದೊಂದು ಕಾರ್ಡಿನಲ್ಲೂ ವಿಲ್ಫ್ರೆಡ್‌ನ ಇರುವೆಸಾಲಿನಂಥ ಅಕ್ಷರ — ಹೆಸರು, ಊರು, ದೀಕ್ಷಾಸ್ನಾನ, ಮದುವೆ, ಮಣ್ಣು. ಹತ್ತೊಂಬತ್ತು ವರ್ಷ, ಶನಿವಾರ ಶನಿವಾರ, ಒಂದೊಂದು ಹಳ್ಳಿಯ ಚರ್ಚಿಗೆ ಹೋಗಿ ಬರೆದು ತಂದದ್ದು. ಮೊದಮೊದಲು ನನ್ನನ್ನೂ ಕರೆಯುತ್ತಿದ್ದ. ಒಂದು ಸಲವೂ ಹೋಗಲಿಲ್ಲ. ಆಮೇಲೆ ಸ್ಯಾಂಡ್‌ವಿಚ್ ಕಟ್ಟಿಕೊಡು ಅನ್ನುವ ಮಾತಷ್ಟೇ ಉಳಿಯಿತು.

ಗಂಡ ತೀರಿಹೋಗಿ ಹದಿನಾಲ್ಕು ವಾರ. ಇವತ್ತೂ ಕೈ ತಾನಾಗಿ ನಾಲ್ಕು ಹೋಳು ಬ್ರೆಡ್ ಕತ್ತರಿಸಿತು. ಎರಡು ತಿಂದೆ. ಎರಡು ಗುಬ್ಬಿಗಳಿಗೆ.

ಕಾರ್ಡೆಲ್ಲ ಜೋಡಿಸಿ ಕೊಡಬೇಕೆಂದು ಮ್ಯೂರಿಯಲ್‌ಳ ಆಜ್ಞೆ. ವಿಲ್ಫ್ರೆಡ್‌ನ ಅಕ್ಕ, ಆಜ್ಞೆ ಬಿಟ್ಟು ಬೇರೆ ಭಾಷೆ ಬಾರದು. ಜೂನ್‌ನಲ್ಲಿ ಕೆನಡಾದಿಂದ ಯಾರೋ ಕಸಿನ್ ಬರುತ್ತಾನಂತೆ. ಅಷ್ಟರೊಳಗೆ ವಂಶವೃಕ್ಷ ಅಚ್ಚಾಗಬೇಕಂತೆ.

ಮಧ್ಯಾಹ್ನ ಅಂಚೆ. ಮೂರು ಕಾಗದ, ಅದರಲ್ಲೊಂದು ವಿಲ್ಫ್ರೆಡ್ ಹೆಸರಿಗೆ. ಒಡೆಯಲೋ ಬೇಡವೋ ಅಂತ ಟೀ ಆರುವವರೆಗೂ ಕೂತಿದ್ದೆ. ಒಡೆದೆ. ಆರ್ನಬಿ ಹಳ್ಳಿಯ ಚರ್ಚ್ ವಾರ್ಡನ್ ಓಡ್ಲಿಂಗ್ ಬರೆದದ್ದು. ಹಳೆಯ ಪುಸ್ತಕಗಳನ್ನೆಲ್ಲ ಈಸ್ಟರ್‌ಗೆ ಮೊದಲು ಲಿಂಕನ್‌ನ ದಾಖಲೆ ಕಚೇರಿಗೆ ಒಪ್ಪಿಸಬೇಕಂತೆ, ಹೊಸ ಕಾನೂನಂತೆ. ‘ನೀವು ಹೇಳಿದ ಹಾಗೆ ಆ ಪುಸ್ತಕವನ್ನು ಇದ್ದಲ್ಲೇ ಇಟ್ಟಿದ್ದೇನೆ. ಇನ್ನು ಇಡಲಾಗದು. ಮತ್ತೊಮ್ಮೆ ನೋಡುವುದಿದ್ದರೆ ಬನ್ನಿ. ಅಕ್ಟೋಬರ್‌ನಿಂದ ನಿಮ್ಮನ್ನು ಕಂಡಿಲ್ಲ. ಮೈಗೆ ಹುಷಾರಿಲ್ಲವೇ?’

ಮತ್ತೊಮ್ಮೆ?

ಫೆಬ್ರುವರಿ ೬, ಭಾನುವಾರ

ಆರು ಗಂಟೆಗೆ ಮ್ಯೂರಿಯಲ್ ಫೋನ್. ವಾರಕ್ಕೊಮ್ಮೆ ಈ ಮನೆಯ ಫೋನ್ ಬಡಿದುಕೊಳ್ಳುವುದು ಇವಳಿಂದ ಮಾತ್ರ. ಬೈದರೂ ಸರಿ, ಒಂದು ದನಿ.

ವಿಲ್ಫ್ರೆಡ್‌ನ ಗೋರಿಕಲ್ಲಿನ ಮಾತು. ಕಲ್ಲುಕುಟಿಗ ಮಾರ್ಚ್ ಕೊನೆಯೊಳಗೆ ಬರಹ ಕೊಡಿ ಎಂದಿದ್ದಾನೆ. ಮೂರು ಕಾಗೆಯ ಲಾಂಛನ ಬೇಕು, ಕೆಳಗೆ ‘ಆರ್ನಬಿಯ ಒಡೆಯರ ಕುಲ’ ಅಂತ ಬೇಕು ಎಂದು ಅವಳ ಹಟ. ಊರಿನ ಹೆಸರೇ ಮನೆತನದ ಹೆಸರು — ಹಾಗಾದರೆ ಊರು ಒಂದು ಕಾಲಕ್ಕೆ ನಮ್ಮದೇ, ಇದು ಅಕ್ಕತಮ್ಮ ಇಬ್ಬರೂ ಚಿಕ್ಕಂದಿನಿಂದ ನಂಬಿದ್ದು. ಸಾವಿರದ ಮುನ್ನೂರನೇ ಇಸವಿಯ ಸುಮಾರಿಗೆ ಊರೊಡೆಯ ಯಾವನೋ ಸರ್ ರಾಬರ್ಟ್ ಸಿಗುತ್ತಾನೆ. ಈಚೆಯ ತುದಿಯಲ್ಲಿ ಥಾಮಸ್ ಆರ್ನಬಿ, ಕೂಲಿಯವ, ೧೭೮೮ರಲ್ಲಿ ಪಕ್ಕದೂರಿನಲ್ಲಿ ಮದುವೆ. ಅವನು ಹುಟ್ಟಿದ ಕಾಲದ, ಆರ್ನಬಿ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರೇ ಕಾಣೆ. ಬಿಷಪ್ಪರಿಗೆ ವರ್ಷ ವರ್ಷ ಕಳಿಸಬೇಕಿದ್ದ ನಕಲನ್ನು ಆಗಿನವರು ಕಳಿಸಿಯೇ ಇಲ್ಲ. ವಂಶವೃಕ್ಷದಲ್ಲಿ ಥಾಮಸ್‌ನ ಮೇಲೆ ಖಾಲಿ ಚೌಕ, ಚುಕ್ಕಿಗೆರೆ. ಆ ಚೌಕ ತುಂಬುವುದಕ್ಕೇ ವಿಲ್ಫ್ರೆಡ್‌ನ ಅಷ್ಟೂ ಶನಿವಾರಗಳು ಹೋದವು.

ಓಡ್ಲಿಂಗ್ ಕಾಗದದ ಸುದ್ದಿ ಅವಳಿಗೆ ಹೇಳಲಿಲ್ಲ. ಏಕೆಂದು ಗೊತ್ತಿಲ್ಲ.

ರಾತ್ರಿಯೂಟಕ್ಕೆ ಮುಂಚೆ ಅವನ ನೋಟ್‌ಬುಕ್ಕುಗಳನ್ನು ತೆಗೆದೆ. ೧೯೭೪ರ ತನಕ ಪುಟ ತುಂಬ ಬರಹ. ಆ ವರ್ಷದ ಮೇ ತಿಂಗಳಿಂದ ಮುಂದಕ್ಕೆ ಪ್ರತಿ ಶನಿವಾರ ಒಂದೇ ಸಾಲು — ‘ಆರ್ನಬಿ. ಹೊಸದೇನೂ ಇಲ್ಲ.’ ಎಂಟು ವರ್ಷ. ಒಂದೇ ಊರು, ಒಂದೇ ಸಾಲು. ಯಾರಾದರೂ ಹೆಂಗಸು ಇರಬಹುದೇ ಎಂದೂ ಯೋಚಿಸಿದೆ. ಐವತ್ತೆಂಟರ ಮುದುಕಿ ನಾನು, ಸತ್ತವನ ಮೇಲೆ ಅನುಮಾನ.

ಫೆಬ್ರುವರಿ ೧೯, ಶನಿವಾರ. ಸಂಜೆ

ಹೋಗಿ ಬಂದೆ. ಬಸ್ಸಿನಲ್ಲಿ ನಾನೂ ಇಬ್ಬರು ಮುದುಕಿಯರೂ ಒಂದು ನಾಯಿಯೂ. ಗಾಳಿ ಸಮುದ್ರದ ಕಡೆಯಿಂದ, ಚಾಕುವಿನಂತೆ.

ಓಡ್ಲಿಂಗ್‌ಗೆ ಎಂಬತ್ತರ ಮೇಲೆ. ವಿಲ್ಫ್ರೆಡ್ ತೀರಿಹೋದ, ಕಾಗದ ಓದಿದ್ದು ಹೆಂಡತಿ ನಾನು ಅಂತ ಹೇಳಿದೆ. ಟೋಪಿ ತೆಗೆದರು. ಆಮೇಲೆ ಒಳಗೆ ಕರೆದುಕೊಂಡು ಹೋದರು. ಓಕ್ ಮರದ ಪೆಟ್ಟಿಗೆ, ಮೂರು ಬೀಗ.

“ಮೂರು ಬೀಗ, ಮೂವರ ಹತ್ರ ಮೂರು ಕೀಲಿ. ಒಬ್ಬ ಕದ್ರೆ ಇನ್ನಿಬ್ರು ಹಿಡೀಲಿ ಅಂತ ಹಿಂದಿನೋರು ಮಾಡಿದ್ದು ತಾಯಿ. ಈಗ ಮೂವರೂ ನಾನೇ.”

ಹಳೆಯ ಬಲಿಪೀಠದ ಬಟ್ಟೆಗಳ ಅಡಿಯಲ್ಲಿ ಗೋಣಿ. ಗೋಣಿಯೊಳಗೆ ಪುಸ್ತಕ. ಚರ್ಮದ ರಟ್ಟು ಬೂಸ್ಟು ಹಿಡಿದು ಬೆಳ್ಳಗಾಗಿತ್ತು. ೧೯೭೪ರಲ್ಲಿ ಛಾವಣಿ ರಿಪೇರಿಗೆ ಪೆಟ್ಟಿಗೆ ಸರಿಸಿದಾಗ ಸಿಕ್ಕಿತಂತೆ. ಮೊದಲು ಕಾಗದ ಬರೆದದ್ದು ವಿಲ್ಫ್ರೆಡ್‌ಗೇ ಅಂತೆ. ಅವನು ಬಂದ, ನೋಡಿದ, ಯಾರಿಗೂ ಹೇಳಬೇಡಿ, ಇದ್ದಲ್ಲೇ ಇಡಿ ಎಂದ.

ಪುಟ ಹುಡುಕುವುದೇ ಬೇಕಾಗಲಿಲ್ಲ. ಅಲ್ಲಿಗೇ ತೆರೆದುಕೊಂಡಿತು. ನಕಲು ಮಾಡಿಕೊಂಡೆ:

‘೧೭೬೩ ನವೆಂಬರ್ ೨೦. ಥಾಮಸ್. ಈ ಚರ್ಚಿನ ಮುಂಚಾವಡಿಯಲ್ಲಿ ಬಿಟ್ಟುಹೋದ ಗಂಡುಕೂಸು, ಹತ್ತು ದಿನದ್ದಿರಬಹುದು. ತಂದೆತಾಯಿ ತಿಳಿಯದು. ಊರ ಹೆಸರನ್ನೇ ಇಟ್ಟಿದೆ. ಸಾಕಲು ವಿಧವೆ ಗ್ಯಾಂಟ್ ಒಪ್ಪಿದ್ದಾಳೆ.’

ಒಡೆಯರೂ ಇಲ್ಲ, ಕಾಗೆಯೂ ಇಲ್ಲ. ಹೆಸರಿಲ್ಲದ ಕೂಸಿಗೆ ಊರು ತನ್ನ ಹೆಸರು ಕೊಟ್ಟಿತ್ತು, ಅಷ್ಟೇ.

ಮೊದಲು ನಗು ಬಂತು. ಆಮೇಲೆ ಕಲ್ಲುನೆಲದ ಮೇಲೇ ಕೂತುಬಿಟ್ಟೆ. ಓಡ್ಲಿಂಗ್ ಚಳಿ ಎಂದುಕೊಂಡು ಕೋಟು ಹೊದಿಸಿದರು. ಚಳಿಯಲ್ಲ.

ಇದನ್ನು ಇಲ್ಲಿ ಬರೆಯಲೇಬೇಕು. ಹೇಳಲು ಯಾರೂ ಇಲ್ಲ. ೧೯೫೮ರ ಅಕ್ಟೋಬರ್. ಮಕ್ಕಳಾಗುವುದಿಲ್ಲ ಎಂದು ಡಾಕ್ಟರ್ ಹೇಳಿ ಎರಡು ವರ್ಷವಾಗಿತ್ತು. ಅನಾಥ ಶಿಶುಗಳ ಮನೆಗೆ ಹೋಗಿದ್ದೆವು. ನಾಲ್ಕು ತಿಂಗಳ ಹೆಣ್ಣುಮಗು. ಕಾಲು ಗಂಟೆ ನನ್ನ ತೊಡೆಯ ಮೇಲಿತ್ತು. ನನ್ನ ಕೋಟಿನ ಗುಂಡಿ ಹಿಡಿದುಕೊಂಡಿತ್ತು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ವಿಲ್ಫ್ರೆಡ್ ಹೇಳಿದ್ದು ಒಂದೇ ಮಾತು — “ಯಾರ ರಕ್ತವೋ ಏನೋ, ಐರಿಸ್.”

ಮತ್ತೆ ನಾವು ಆ ವಿಷಯ ಎತ್ತಲಿಲ್ಲ. ಇಪ್ಪತ್ತನಾಲ್ಕು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದೆವು.

ಗೊತ್ತಿತ್ತು ಅವನಿಗೆ. ಕೊನೆಯ ಎಂಟು ವರ್ಷ ಗೊತ್ತಿತ್ತು. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಎಂಟು ವರ್ಷ ಸಿಕ್ಕಿತ್ತು.

ಫೆಬ್ರುವರಿ ೨೦, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಅವನ ಕೋಟುಗಳನ್ನೆಲ್ಲ ಹೊರಗೆ ಹಾಕಿದೆ. ಮಳೆ ಬಂತು. ಒಳಗೆ ತಂದೆ.

ಗೋರಿಕಲ್ಲಿಗೆ ಬರಹ ಬರೆದೆ: ‘ವಿಲ್ಫ್ರೆಡ್ ಆರ್ನಬಿ. ಬೀದಿಗೆ ಬಿಟ್ಟ ಕೂಸಿನ ಕುಲ.’ ಲಕೋಟೆಗೂ ಹಾಕಿದೆ. ಅಂಟಿಸಿಲ್ಲ.

ಮಾರ್ಚ್ ೧೨, ಶನಿವಾರ

ಮೂರು ವಾರ ಇಲ್ಲಿ ಏನೂ ಬರೆದಿಲ್ಲ. ಬರೆಯುವಂಥದ್ದೂ ಏನಿಲ್ಲ. ಎದ್ದೆ, ಒಲೆ ಹಚ್ಚಿದೆ, ರೇಡಿಯೋ ಹಾಕಿದೆ. ಅಂಗಡಿಯವನ ಜೊತೆ ಬೇಕನ್ ಹೋಳುಗಳ ದಪ್ಪದ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡಿದೆ.

ಇವತ್ತು ಲಕೋಟೆ ಕೈಚೀಲದಲ್ಲಿಟ್ಟುಕೊಂಡು ಮತ್ತೆ ಆರ್ನಬಿಗೆ ಹೋದೆ. ಅಂಚೆಗೆ ಹಾಕುವ ಮುಂಚೆ ಒಂದು ಕೇಳಬೇಕಿತ್ತು. ಪುಸ್ತಕ ಸಿಕ್ಕ ಮೇಲೂ ವಿಲ್ಫ್ರೆಡ್ ಎಂಟು ವರ್ಷ ಅಲ್ಲಿಗೆ ಹೋಗಿ ಮಾಡಿದ್ದೇನು?

ಓಡ್ಲಿಂಗ್ ಚರ್ಚಿನ ಹಿಂದಕ್ಕೆ ಕರೆದುಕೊಂಡು ನಡೆದರು. ಉತ್ತರದ ಮೂಲೆ. ಬಡವರನ್ನು, ಹೆಸರಿಲ್ಲದವರನ್ನು ಹೂಳುತ್ತಿದ್ದ ಕಡೆ, ಒಂದೂ ಕಲ್ಲಿಲ್ಲ. ಉಳಿದ ಸ್ಮಶಾನವೆಲ್ಲ ತುರಚೆಗಿಡ, ಮುಳ್ಳು. ಈ ಮೂಲೆ ಮಾತ್ರ ಬಯಲು. ಈ ಚಳಿಗಾಲದಲ್ಲಿ ಅಂಚಿನಿಂದ ಮತ್ತೆ ಚಿಗುರು ಒಳನುಗ್ಗುತ್ತಿತ್ತು.

“ವಿಧವೆ ಗ್ಯಾಂಟ್ ಇಲ್ಲೆಲ್ಲೋ ಇದಾಳೆ. ಎಲ್ಲಿ ಅಂತ ಬರೆದಿಲ್ಲ. ಅದಕ್ಕೇ ಪೂರ್ತಿ ಮೂಲೇನೇ ಶುದ್ಧ ಮಾಡ್ತಿದ್ರು. ಕೈಗವಸು ತಗೊಳ್ಳಿ ಅಂದ್ರೆ ಬೇಡ ಅಂತಿದ್ರು.”

ಶನಿವಾರ ಶನಿವಾರ ಬೊಬ್ಬೆಯೆದ್ದ ಕೈಯಲ್ಲಿ ಬರುತ್ತಿದ್ದ. ಬೇಲಿ ದಾಟುವಾಗ ಆಯಿತು ಎನ್ನುತ್ತಿದ್ದ. ಮುಲಾಮು ಹಚ್ಚಿದ್ದು ನಾನೇ.

ನನ್ನ ವಿಷಯ ಏನಾದರೂ ಹೇಳಿದ್ದನೇ ಎಂದು ಕೇಳಿದೆ.

“ಒಂದೇ ಸಲ. ಪುಸ್ತಕ ನೋಡಿದ ದಿನ. ಮುಂಚಾವಡೀಲಿ ಕೂತಿದ್ರು, ಟೀ ಕೊಟ್ಟೆ, ಮುಟ್ಟಲಿಲ್ಲ. ‘ನಮ್ಮಾಕೆಗೆ ಒಂದು ಮಾತು ಅಂದಿದೀನಿ ಓಡ್ಲಿಂಗ್. ಈಗ ಇದನ್ನ ಹೇಳಿದ್ರೆ ಅವಳು ನನ್ನ ಮುಖ ನೋಡಲ್ಲ’ ಅಂದ್ರು. ಯಾವ ಮಾತು ಅಂತ ನಾನು ಕೇಳ್ಲಿಲ್ಲ ತಾಯಿ. ಕೇಳೋ ಅಂಥ ಮುಖ ಆಗಿರಲಿಲ್ಲ.”

ಹೇಳಿದ್ದರೆ ನೋಡುತ್ತಿದ್ದೆನೇ? ಪ್ರಾಮಾಣಿಕವಾಗಿ ಬರೆಯಬೇಕು — ಗೊತ್ತಿಲ್ಲ. ಎರಡು ದಿನ ಕಿರುಚಾಡುತ್ತಿದ್ದೆ. ಮೂರನೆಯ ದಿನ ಬಹುಶಃ ಸ್ಯಾಂಡ್‌ವಿಚ್ ಎರಡು ಕಟ್ಟಿಕೊಂಡು ಅವನ ಜೊತೆ ಬಸ್ಸು ಹತ್ತುತ್ತಿದ್ದೆ.

ಹೊರಡುವ ಮುಂಚೆ ಓಡ್ಲಿಂಗ್ ಒಂದು ಚೀಟಿ ಕೊಟ್ಟರು. ವಿಲ್ಫ್ರೆಡ್ ಪುಸ್ತಕದಲ್ಲೇ ಬಿಟ್ಟಿದ್ದನಂತೆ. ಪಕ್ಕದೂರಿನ ರಿಜಿಸ್ಟರಿನಿಂದ ಬರೆದುಕೊಂಡದ್ದು: ೧೭೮೯, ಥಾಮಸ್ ಆರ್ನಬಿಯ ಮೊದಲ ಮಗು, ಹೆಣ್ಣು. ಹೆಸರು ‘ಮೇರಿ ಗ್ಯಾಂಟ್ ಆರ್ನಬಿ’. ಗ್ಯಾಂಟ್ ಎನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದಾನೆ. ಪೆನ್ಸಿಲ್ ಒತ್ತಿ ಕಾಗದ ಹರಿದಿದೆ.

ಬಸ್ಸಿನಲ್ಲಿ ಲಕೋಟೆ ಹರಿದೆ. ಚೂರುಗಳು ಕೈಚೀಲದಲ್ಲೇ ಇವೆ.

ಮಾರ್ಚ್ ೨೦, ಭಾನುವಾರ

ಮ್ಯೂರಿಯಲ್‌ಗೆ ಹೇಳಿದೆ. ಫೋನಿನಲ್ಲೇ. ಪುಸ್ತಕದ ಸಾಲುಗಳನ್ನು ಓದಿದೆ.

“ಯಾರಿಗಾದ್ರೂ ಹೇಳಿದ್ಯಾ?”

ನಿನಗೇ ಮೊದಲು ಎಂದೆ.

“ನನಗೇ ಕೊನೆ ಆಗ್ಲಿ. ಸತ್ತವನ ಮಾನ ಕಳೀಬೇಡ.”

“ಮಾನ ಹೋಗೋ ಅಂಥದ್ದು ಆ ಮಗು ಏನು ಮಾಡಿತ್ತು ಮ್ಯೂರಿಯಲ್?”

“ನಿನಗೆ ಅರ್ಥ ಆಗಲ್ಲ ಐರಿಸ್. ನೀನು ಆರ್ನಬಿ ಅಲ್ಲ. ಮದುವೆಯಾಗಿ ಬಂದವಳು.”

“ಆ ಲೆಕ್ಕಕ್ಕೆ ನೀವ್ಯಾರೂ ಆರ್ನಬಿ ಅಲ್ಲ.”

ಫೋನ್ ಇಟ್ಟಳು. ಹಾಗೆ ಹೇಳಬಾರದಿತ್ತು. ಹೇಳಿದ್ದು ಹಿತವಾಗಿತ್ತು. ಎರಡೂ ನಿಜ.

ಏಪ್ರಿಲ್ ೧೦, ಭಾನುವಾರ

ಮೂರನೆಯ ಭಾನುವಾರವೂ ಫೋನ್ ಇಲ್ಲ. ಈಸ್ಟರ್‌ಗೂ ಇಲ್ಲ. ಆರರಿಂದ ಏಳರವರೆಗೆ ಹೆಣಿಗೆ ಹಿಡಿದು ಹಾಲ್‌ನಲ್ಲೇ ಕೂತೆ. ನಾಚಿಕೆಗೇಡು.

ವಂಶವೃಕ್ಷ ಮುಗಿಸಿದೆ. ಖಾಲಿ ಚೌಕದಲ್ಲಿ ನನ್ನ ಅಕ್ಷರದಲ್ಲಿ ಬರೆದೆ — ‘ವಿಧವೆ ಗ್ಯಾಂಟ್, ಸಾಕಿದವಳು.’ ಅದರ ಮೇಲೆ ಏನಿಲ್ಲ. ಸರ್ ರಾಬರ್ಟ್‌ನನ್ನು ರಬ್ಬರಿನಲ್ಲಿ ಒರೆಸಿದೆ. ಒಂದು ಪ್ರತಿ ಕೆನಡಾಗೆ, ಒಂದು ಮ್ಯೂರಿಯಲ್‌ಗೆ. ಪುಸ್ತಕ ಲಿಂಕನ್‌ಗೆ ಹೋಯಿತಂತೆ. ಇನ್ನು ಯಾರು ಬೇಕಾದರೂ ನೋಡಬಹುದು.

ಮೇ ೧೪, ಶನಿವಾರ

ಬೆಳಿಗ್ಗೆ ಗೋರಿಕಲ್ಲು ನಿಲ್ಲಿಸಿದರು. ಹೆಸರು, ಎರಡು ಇಸವಿ. ಬೇರೇನಿಲ್ಲ. ಕುಟಿಗ ಇಷ್ಟೇ ಸಾಕಾ ಎಂದು ಎರಡು ಸಲ ಕೇಳಿದ. ಮ್ಯೂರಿಯಲ್ ಬರಲಿಲ್ಲ. ಹೂ ಕಳಿಸಿದ್ದಳು, ಚೀಟಿ ಇಲ್ಲದೆ. ಕೆನಡಾದ ಕಸಿನ್ ಕಾಗದ ಬರೆದಿದ್ದಾನೆ: ಜೂನ್‌ನಲ್ಲಿ ಆ ಮುಂಚಾವಡಿ ತೋರಿಸುತ್ತೀರಾ ಅಂತ. ಅಷ್ಟಾದರೂ ಆಯಿತು.

ಮಧ್ಯಾಹ್ನ ಆರ್ನಬಿ. ಉತ್ತರದ ಮೂಲೆಯಲ್ಲಿ ಎರಡು ಗಂಟೆ ತುರಚೆ ಕಿತ್ತೆ. ಕೈಗವಸು ಹಾಕಿಕೊಂಡೇ, ನಾನು ಅವನಷ್ಟು ಪೆದ್ದಿಯಲ್ಲ. ಆಮೇಲೆ ಮುಂಚಾವಡಿಯ ಕಲ್ಲುಬೆಂಚಿನಲ್ಲಿ ಓಡ್ಲಿಂಗ್ ಜೊತೆ ಟೀ. ನಿಮಗೆ ಮಕ್ಕಳೆಷ್ಟು ಎಂದು ಕೇಳಿದರು. ಇಲ್ಲ ಎಂದು ಹೇಳಿ ಸುಮ್ಮನಾಗುವುದು ನನ್ನ ಅಭ್ಯಾಸ. ಇವತ್ತು ಸುಮ್ಮನಾಗಲಿಲ್ಲ. ಆ ಶಿಶುಗಳ ಮನೆ, ಕಾಲು ಗಂಟೆ, ಕೋಟಿನ ಗುಂಡಿ… ಎಲ್ಲ ಹೇಳಿದೆ. ವಿಲ್ಫ್ರೆಡ್ ಅಂದ ಮಾತೂ. ಅವರು ಅಯ್ಯೋ ಅನ್ನಲಿಲ್ಲ. ಲೋಟ ಕೆಳಗಿಟ್ಟು ಕೇಳಿದರು:

“ಏನು ಹೆಸರಿಡ್ಬೇಕು ಅಂದ್ಕೊಂಡಿದ್ರಿ?”

ಇದನ್ನು ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ. ನಾನೂ ಎಲ್ಲಿಯೂ ಬರೆದಿಲ್ಲ, ಈ ದಿನಚರಿಯಲ್ಲೂ ಇಲ್ಲ. ಹೇಳಿದೆ. ಗಾಳಿಗೆ ಅವರಿಗೆ ಕೇಳಿಸಲಿಲ್ಲ, ಕಿವಿಗೆ ಕೈ ಅಡ್ಡ ಹಿಡಿದು ಹತ್ತಿರ ಬಾಗಿದರು. ಮತ್ತೆ ಹೇಳಿದೆ, ಗಟ್ಟಿಯಾಗಿ —

ರೋಸಲಿಂಡ್. ರೋಸಲಿಂಡ್ ಆರ್ನಬಿ. ಬರೆದರೆ ಹೀಗೆ ಕಾಣುತ್ತದೆ. ಈ ಜೂನ್‌ಗೆ ಅವಳಿಗೆ ಇಪ್ಪತ್ತೈದು ತುಂಬುತ್ತದೆ.