ಇಳಿಸಿದ ಕೈ

ರಾಯದುರ್ಗ
ಮಾರ್ಚಿ ೧೯೩೪

ಸೂರಪ್ಪನವರಿಗೆ,

ನಮಸ್ಕಾರ ಬರಿಯಾಕ ಮನಸ್ಸಾಗಲಿಲ್ಲ, ಬಿಟ್ಟೀನಿ.

ಬಳ್ಳಾರಿಯ ಬಾಕ್ಸಿಂಗಿನಾಗ ನೀವು ನಮ್ಮಣ್ಣ ಉಜ್ಜಿನಪ್ಪನ್ನ ಕೆಡವಿದ್ದು ಕಾಯ್ದೆ ಪ್ರಕಾರ ಸರಿ ಅಂತ ರೆಫರಿ ದೊರೆ ಹೇಳಿದನಂತ. ಇರಬಹುದು. ಅಲ್ಲಿ ಹಿಂದಕ್ಕ ಜಿಗಿಯೋದು ಜಾಣತನ. ನಮ್ಮ ಗುದ್ದಾಟದಾಗ ಗೆರಿ ಬಿಟ್ಟು ಹಿಂದ ಸರಿದವ ಸೋತಂಗ. ಅದಕ್ಕ ಅಣ್ಣ ಕಲ್ಲಿನಂಗ ನಿಂತು ಏಟು ತಿಂದ. ಅದಕ್ಕೂ ನನಗ ಸಿಟ್ಟಿಲ್ಲ.

ಆಮ್ಯಾಲೆ ನೀವು ಎರಡೂ ಕೈ ಕೆಳಗಿಳಿಸಿದ್ರಿ. ನಮ್ಮಲ್ಲಿ ಹಂಗ ಇಳಿಸಿದ್ರ ಸೋತೆ ಅಂತ ಅರ್ಥ, ಗೆದ್ದವ ಹೋಗಿ ತಬ್ಬಿಕೋಬೇಕು. ಅಣ್ಣ ತಬ್ಬಾಕ ಬಂದ. ನೀವು ಹೊಡೆದ್ರಿ. ಅವನ ಎಡಗಿವಿ ಇನ್ನೂ ಕೇಳಿಸವಲ್ದು.

ಪರ ಊರಿನವರಾಗಿದ್ರ ನಮ್ಮ ಪದ್ಧತಿ ಗೊತ್ತಿಲ್ಲ ಅಂತ ಬಿಡ್ತಿದ್ದೆ. ನೀವು ಗುದ್ದು ಕಲಿತದ್ದು ನಮ್ಮಪ್ಪನ ಗರಡಿಯಾಗ.

ನಮ್ಮಿಬ್ಬರ ನಿಶ್ಚಯದ ಸೀರಿ ಇದರ ಜೋಡಿ ಕಳಿಸೀನಿ, ಮಡಿಕೆ ಬಿಚ್ಚಿಲ್ಲ. ನಿಮ್ಮವ್ವ ಮೈಲಾರಮ್ಮನ ಕೈಗೆ ಕೊಡ್ರಿ.

"ಅವ ಬಂದು ತಪ್ಪಾತು ಅಂದ್ರ ಸಾಕು" ಅಂತಾನ ಅಣ್ಣ. ಬರಬ್ಯಾಡ್ರಿ. ನೀವು ಕೈ ಇಳಿಸಿಕೊಂಡು ಬಾಗಿಲಾಗ ನಿಂತ್ರ, ಅವ ಮತ್ತ ತಬ್ಬಾಕ ಎದ್ದು ಬರ್ತಾನ.

ಇಂತಿ,
ಉಜ್ಜಿನಪ್ಪನ ತಂಗಿ
ಸಣ್ಣಕ್ಕ