ಏಳನೆಯ ಕಲ್ಲಿಗೆ ಹಚ್ಚಿದ ಎಣ್ಣೆ

ದೇವದುರ್ಗ, ಭಾನುವಾರ

ವಿಬುಧೇಂದ್ರ ಸರ್ ಅವರಿಗೆ ನಿಮ್ಮ ಸಂಶೋಧನಾ ವಿದ್ಯಾರ್ಥಿನಿಯ ನಮಸ್ಕಾರಗಳು.

ನೆಲದಾಳದ ಅನಿಲ ಅಡಗಿರುವ ಮರಳುಗಲ್ಲುಗಳಲ್ಲಿ ನಾನು ಅಳೆದ ಏಳನೆಯ ತುಂಡಿನ ರಂಧ್ರಗಳೇ ಎಲ್ಲಕ್ಕಿಂತ ಬಿಗಿ ಎಂದು ನೀವು ಖುಷಿಪಟ್ಟು ಪ್ರಬಂಧಕ್ಕೆ ಸೇರಿಸಿದ್ದೀರಿ. ದಯವಿಟ್ಟು ಅದನ್ನು ಸದ್ಯ ಪ್ರಕಟಣೆಗೆ ಕಳಿಸಬೇಡಿ.

ಆಯುಧ ಪೂಜೆಗೆ ಊರಿಗೆ ಬಂದಾಗ ಆ ತುಂಡು ನನ್ನ ಚೀಲದಲ್ಲಿತ್ತು. ಅವ್ವ ಅದನ್ನು ಅಪ್ಪನ ಉಳಿ, ಸುತ್ತಿಗೆಗಳ ಸಾಲಿನಲ್ಲಿಟ್ಟು ಎಣ್ಣೆ ಹಚ್ಚಿ ಕುಂಕುಮ ಇಟ್ಟಿದ್ದಳು. ನಾನು ಕುಂಕುಮ ಒರೆಸಿ, ಯಾರಿಗೂ ಹೇಳದೆ ಪ್ರಯೋಗಾಲಯದಲ್ಲಿ ಪರೀಕ್ಷೆಗಿಟ್ಟೆ.

ರಂಧ್ರ ಮುಚ್ಚಿದ್ದು ಎಣ್ಣೆಯೋ, ಕಲ್ಲಿನ ಗುಣವೇ ಹಾಗೋ, ನನಗೆ ತಿಳಿಯುತ್ತಿಲ್ಲ. ಜೀವನವಿಡೀ ಕಲ್ಲು ಒಡೆದ ಅಪ್ಪ, “ಈ ಕಲ್ಲು ಎಣ್ಣಿ ಕುಡಿಯಂಗಿಲ್ಲವ್ವಾ, ಭಾಳ ಬಿಗಿ ಅದ” ಎನ್ನುತ್ತಾರೆ. ಅವ್ವ, “ಮುಂಜಾನಿ ನೋಡಿದ್ರ ಒಂದು ಹನಿ ಎಣ್ಣಿನೂ ಉಳಿದಿರಲಿಲ್ಲ” ಎನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳುವವರಲ್ಲ.

ಅದೇ ಕಲ್ಲಿನ ಇನ್ನೊಂದು ತುಂಡು ಕೊಟ್ಟರೆ ಮತ್ತೆ ಅಳೆಯುತ್ತೇನೆ. ಊರಿಗೆ ಒಯ್ಯುವುದಿಲ್ಲ.

ಯಾಕೆ ಹಚ್ಚಿದೆ ಎಂದು ಅವ್ವನನ್ನು ಕೇಳಿದ್ದೆ. “ನಿಮ್ಮಪ್ಪಂದು ಉಳಿ, ನಿಂದು ಇದು ಅಲ್ಲೇನು?” ಎಂದಳು. ತಪ್ಪಾಗಿದೆ ಎಂದು ಅವಳಿಗಿನ್ನೂ ಹೇಳಿಲ್ಲ.

ಕೆಟ್ಟುಹೋದ ಆ ಏಳನೆಯ ತುಂಡನ್ನು ಎಸೆಯಬೇಡಿ ಸರ್. ಮುಂದಿನ ಹಬ್ಬಕ್ಕೆ ಸಾಲಿನಲ್ಲಿಡಲು ಬೇಕು.

ನಿಮ್ಮ ಬೈಗುಳಕ್ಕೆ ಕಾಯುತ್ತಾ,
ವಿಶಾಖಾ ಹಂಪಯ್ಯ